ಗ್ಯಾಸ್ ತುಂಬಿದ ದೊಡ್ಡ ಪೂರಿ

ತಲೆಗೆ ಬೆಂಕಿ, ಕಾಲಿಗೆ ನೀರು, ಸೊಂಟವೇ ಇಲ್ಲ. ಮಂಗಳವಾರದ ದಿನ ಅದರ ಹೆಸರೇನು? ಗೊತ್ತಿಲ್ವಾ? ನನಗೂ ಗೊತ್ತಿಲ್ಲ. ಕೂತ್ಕೊಂಡು ಕತೆ ಕೇಳಿ.

ಒಂದಾನೊಂದು ಊರಿನಲ್ಲಿ, ಅಂದರೆ ಪಕ್ಕದ ಊರಿನಲ್ಲಿ ಅಲ್ಲ, ಪುಟ್ಟಮಲ್ಲಪ್ಪ ಅಂತ ಒಬ್ಬ ದೊರೆ. ಅವನಿಗೆ ಯುದ್ಧ ಬೇಡ, ಕಿರೀಟ ಬೇಡ. ಪೂರಿ ಉಬ್ಬಬೇಕು, ಅಷ್ಟೇ.

ಅದೇ ಊರಲ್ಲಿ ಒಂದು ಗ್ಯಾಸ್ ಕಾರ್ಖಾನೆ. ಅಲ್ಲೊಂದು ಗುಂಡನೆಯ ಟ್ಯಾಂಕು. ಪಕ್ಕದಲ್ಲಿ ತೆಂಗಿನಮರಕ್ಕಿಂತ ಎತ್ತರದ ಕೊಳವೆ. ಅದರ ತುದಿಯಲ್ಲಿ ಯಾವಾಗಲೂ ಆರದ ಪುಟ್ಟ ಜ್ವಾಲೆ. ಟ್ಯಾಂಕಿನಲ್ಲಿ ಗ್ಯಾಸ್ ಜಾಸ್ತಿಯಾದರೆ ಕೊಳವೆಯೊಳಗೆ ಮೇಲೇರುತ್ತಿತ್ತು, ಜ್ವಾಲೆ ಅದನ್ನು ಅಲ್ಲೇ ಸುಟ್ಟುಬಿಡುತ್ತಿತ್ತು. ನೋಡಿಕೊಳ್ಳುವವಳು ಚೆನ್ನಾಜಮ್ಮ. ಅವಳ ಮನೆ, ಮಕ್ಕಳು, ಎಮ್ಮೆ ಎಲ್ಲ ಟ್ಯಾಂಕಿನ ಮಗ್ಗುಲಲ್ಲೇ.

ಒಂದು ದಿನ ದೊರೆ ಬಂದ.

"ಏನಮ್ಮಾ, ಹಾಡಹಗಲಲ್ಲಿ ದೀಪ! ಸುಮ್ಮನೆ ಸುಡೋ ಬದಲು ಪೂರಿಗೆ ತುಂಬಬಾರದಾ?"

ಕೊಳವೆಗೆ ಹೋಗುವ ವಾಲ್ವ್ ಮುಚ್ಚಿಸಿಯೇ ಬಿಟ್ಟ.

ಟ್ಯಾಂಕು ನರಳಿತು. "ಅಕ್ಕಾ, ಹೊಟ್ಟೆ ಉಬ್ಬರ."

ದೊರೆ ಕುಣಿದ. "ಉಬ್ತಾ ಇದೆ! ಇದೇ ಕಣಮ್ಮಾ ಪೂರಿ! ಸಾಗು ತರಿಸಿ!"

ಹನ್ನೆರಡು ಗಾಡಿ ಸಾಗು ಬಂತು.

"ಬುದ್ಧೀ, ಅದು ಕಬ್ಬಿಣದ ಟ್ಯಾಂಕು. ಒಡೆದರೆ ನನ್ನ ಮನೇನೂ ಇರಲ್ಲ, ನಿಮ್ಮ ಅರಮನೇನೂ ಇರಲ್ಲ."

"ಅದನ್ನ ಚಪ್ಪಟೆ ಮಾಡಿದವರಿಗೆ ಗಡಿಪಾರು!"

"ಅಕ್ಕಾ, ಬೇಗ!" ಅಂತು ಟ್ಯಾಂಕು.

ಚೆನ್ನಾಜಮ್ಮ ಸಮಾಧಾನವಾಗಿ ಕೇಳಿದಳು. "ಬಿಸಿ ಪೂರಿ ಹಾಗೇ ಬಾಯಿಗಿಡ್ತೀರಾ ಬುದ್ಧೀ?"

"ಯಾರಾದರೂ ಇಡ್ತಾರಾ? ಮೊದಲು ಬೆರಳಲ್ಲಿ ಚುಚ್ಚಿ ಹಬೆ ಬಿಡಬೇಕು. ಇಲ್ಲಾಂದ್ರೆ ಮೂತಿ ಸುಡುತ್ತೆ."

"ಚುಚ್ಚಿ ಮತ್ತೆ," ಅಂತ ವಾಲ್ವಿನ ಚಕ್ರ ತೋರಿಸಿದಳು.

ದೊರೆ ತಿರುಗಿಸಿದ. ಗ್ಯಾಸ್ ಹೊರಟಿತು. ದಾರಿಯಲ್ಲಿದ್ದ ಡ್ರಮ್ಮು "ಒದ್ದೆ ಕಾಲು ಒರೆಸ್ಕೊ" ಅಂತು. ಗ್ಯಾಸಿನಲ್ಲಿದ್ದ ಹನಿಗಳೆಲ್ಲ ಅಲ್ಲೇ ಉಳಿದವು. ಆಮೇಲೆ ಕೊಳವೆಯ ಬುಡದಲ್ಲಿ ನೀರಿನ ತೊಟ್ಟಿ. "ನೀನು ಹೋಗು. ಬೆಂಕಿ ಹಿಂದಕ್ಕೆ ಬಂದರೆ ನಾನು ಬಿಡಲ್ಲ" ಅಂತು. ತುದಿಯ ಜ್ವಾಲೆ "ಬಾರಪ್ಪ, ಕಾಯ್ತಾ ಇದ್ದೆ" ಅಂತು. ಪಕ್ಕದ ನಳಿಕೆಯಿಂದ ಹಬೆ ಉಫ್ ಅಂತ ಊದಿತು. ಗ್ಯಾಸ್ ಕಪ್ಪು ಹೊಗೆಯಿಲ್ಲದೆ ಭುಗ್ ಅಂತ ಉರಿಯಿತು. ಟ್ಯಾಂಕು ಉದ್ದಕ್ಕೆ ಒಂದು ತೇಗು ತೇಗಿತು.

"ಅಯ್ಯೋ, ಚಪ್ಪಟೆ! ಯಾರು ಮಾಡಿದ್ದು?"

"ಚಕ್ರ ತಿರುಗಿಸಿದ್ದು ಯಾರು ಬುದ್ಧೀ?"

ದೊರೆ ಯೋಚಿಸಿದ. ತನಗೆ ತಾನೇ ಗಡಿಪಾರು ಬರೆದುಕೊಂಡು ಗಡಿ ದಾಟಿದ. ಸಾಗಿನ ಗಾಡಿಗಳೂ ಹಿಂದೆಯೇ ಹೋದವು.

ನೀತಿ: ಪೂರಿಯಾಗಲಿ ಟ್ಯಾಂಕಾಗಲಿ, ಉಸಿರು ಹೋಗೋ ದಾರಿ ಮುಚ್ಚಬೇಡಿ.

ಕತೆ ಮುಗೀತು, ಎದ್ದೇಳಿ. ಕೊನೆ ಮಾತ್ರ ನಾನು ಕಟ್ಟಿದ್ದು. ತನಗೆ ತಾನೇ ಶಿಕ್ಷೆ ಕೊಟ್ಕೊಳ್ಳೋ ದೊರೆ ಎಲ್ಲಾದರೂ ಇರ್ತಾನಾ?