ಮೂರು ವರಹಕ್ಕೆ ಮೂರು ಕಪ್ಪು ನಾಣ್ಯ

ಇನ್ನೂ ಸ್ವಲ್ಪ ಹತ್ತಿರ ಬನ್ನಿ, ಹಿಂದೆ ಕೂತವರಿಗೂ ಕೇಳಲಿ. ಕಾರೆಗುಡ್ಡ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯಕ್ಕೆ ಬೊಪ್ಪರಾಯ ಅಂತ ಒಬ್ಬ ರಾಜ. ರಾಜ ಒಳ್ಳೆಯವನೇ. ಕೆರೆ ಕಟ್ಟಿಸಿದ, ಸಾಲುಮರ ನೆಡಿಸಿದ, ಬಡವರ ಮೇಲೆ ಕಂದಾಯ ಹೇರಲಿಲ್ಲ. ಆದರೆ ಅವನಿಗೊಂದು ಹುಚ್ಚು. ಯಾವುದನ್ನು ಕಂಡರೂ ಹೊಳೆಯಬೇಕು, ಅಷ್ಟೆ.

ಅರಮನೆಯಲ್ಲಿ ಒಂದು ಪೆಟ್ಟಿಗೆಯ ತುಂಬ ಹಳೆಯ ಬೆಳ್ಳಿ ನಾಣ್ಯಗಳಿದ್ದವು. ಅಪ್ಪನ ಕಾಲದ್ದು, ಅಜ್ಜನ ಕಾಲದ್ದು, ಮುತ್ತಜ್ಜನ ಕಾಲದ್ದು. ಒಂದೊಂದರ ಮೇಲೂ ಆಯಾ ರಾಜನ ಮುಖ, ಒಂದರ ಮೇಲೆ ಮಾತ್ರ ಬೊಪ್ಪರಾಯನ ಅಮ್ಮನ ಮುಖ. ಪ್ರತಿ ಸೋಮವಾರ ಅವನ್ನೆಲ್ಲ ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿ ಹಾಕಿ ತಿಕ್ಕಿ, ತೊಳೆದು, ಹರಿವಾಣದಲ್ಲಿ ಹರವಿ ಬಿಸಿಲಿಗೆ ಹಿಡಿಯಬೇಕು. ರಾಜ ಉಪ್ಪರಿಗೆಯ ಮೇಲೆ ನಿಂತು ನೋಡುವನು. ಕಣ್ಣು ಕುಕ್ಕುವಂತೆ ಹೊಳೆದರೆ ಆವತ್ತು ಅವನಿಗೆ ಎರಡು ತುತ್ತು ಹೆಚ್ಚು ಊಟ ಸೇರುತ್ತಿತ್ತು.

ತಿಕ್ಕುವ ಕೆಲಸ ಹೊಂಬಾಳಮ್ಮನದು. ಅವಳು ಅರಮನೆಯ ಪಾತ್ರೆ ಬೆಳಗುವವಳು. ಇಪ್ಪತ್ತು ವರ್ಷದಿಂದ ತಿಕ್ಕಿ ತಿಕ್ಕಿ ಅವಳ ಬೆರಳ ಗೆರೆಗಳೇ ಸವೆದುಹೋಗಿದ್ದವು. ಬೆರಳೇ ಸವೆದ ಮೇಲೆ ಬೆಳ್ಳಿ ಉಳಿಯುತ್ತದೆಯೇ? ಮಕ್ಕಳೇ, ನೀವೇ ಹೇಳಿ.

ರಾಜನಿಗೆ ಒಬ್ಬಳೇ ಮಗಳು, ಪದುಮಲೆ. ಹೊಂಬಾಳಮ್ಮನ ಮಡಿಲಲ್ಲಿ ಆಡಿ ಬೆಳೆದವಳು. ಪಕ್ಕದ ಹಾಲುಗೆರೆ ರಾಜ್ಯದ ಅಜ್ಜಿರಾಣಿಯ ಮೊಮ್ಮಗನಿಗೆ ಅವಳನ್ನು ಕೊಡುವುದೆಂದು ಮಾತಾಗಿತ್ತು. ಪದುಮಲೆಗೂ ಆ ಹುಡುಗನೇ ಆಗಬೇಕಿತ್ತು. ಕೆರೆಗೆ ಬಾಗಿನ ಬಿಡುವ ದಿನ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು. ನೋಡಿದ್ದು ಎಷ್ಟು ಹೊತ್ತು ಅಂತ ಕೇಳಬೇಡಿ, ಕತೆ ಮುಂದೆ ಹೋಗುವುದಿಲ್ಲ.

ಆದರೆ ಹಾಲುಗೆರೆಯಲ್ಲಿ ಒಂದು ಪದ್ಧತಿ. ಹೆಣ್ಣಿನ ಕಡೆಯವರು ಮೂರು ಬೆಳ್ಳಿ ನಾಣ್ಯ ಪೋಣಿಸಿದ ಸರವನ್ನು ಗಂಡಿನ ಅಜ್ಜಿಯ ಕೈಗೆ ಕೊಡಬೇಕು. ಮೂರು ತಲೆಮಾರಿನ ಮೂರು ಮುಖ. ಆಯಾ ಕಾಲದಲ್ಲೇ ಅಚ್ಚಾದ ನಾಣ್ಯ ಆಗಿರಬೇಕು. ಅಜ್ಜಿ ಮುಖಗಳನ್ನು ನೋಡಿ ಹೂಂ ಅಂದರೆ ಮದುವೆ. ಮುಖ ಕಾಣದಿದ್ದರೆ, 'ಹಿರಿಯರನ್ನೇ ಕಾಪಾಡಿಕೊಳ್ಳದ ಮನೆಯಿಂದ ಹೆಣ್ಣು ಬೇಡ' ಅಂತ ಎದ್ದು ಹೋಗುವುದು. ಅಜ್ಜಿರಾಣಿ ಇನ್ನು ನಾಲ್ಕೇ ದಿನದಲ್ಲಿ ಬರುವವಳಿದ್ದಳು.

"ಅದಕ್ಕೇನಂತೆ, ಪೆಟ್ಟಿಗೆ ತುಂಬ ಇದೆ" ಅಂತ ರಾಜ ಪೆಟ್ಟಿಗೆ ತರಿಸಿದ. ಈ ಇಪ್ಪತ್ತು ವರ್ಷದಲ್ಲಿ ಹತ್ತಿರದಿಂದ ಅವನು ಆ ನಾಣ್ಯಗಳನ್ನು ನೋಡಿದ್ದು ಅದೇ ಮೊದಲು. ಒಂದನ್ನು ಎತ್ತಿದ, ಬರೀ ನುಣುಪು. ಇನ್ನೊಂದನ್ನು ಎತ್ತಿದ, ಬರೀ ನುಣುಪು. ಪೆಟ್ಟಿಗೆಯನ್ನೇ ಬುಡಮೇಲು ಮಾಡಿದ. ಮೂಗಿಲ್ಲ, ಕಣ್ಣಿಲ್ಲ, ಕಿರೀಟವಿಲ್ಲ. ಅಪ್ಪ ಯಾರೋ ಅಜ್ಜ ಯಾರೋ ಗೊತ್ತಾಗುವಂತಿರಲಿಲ್ಲ.

"ಇದರಲ್ಲಿ ನಮ್ಮಮ್ಮನ ಮುಖ ಇದ್ದದ್ದು ಒಂದಿತ್ತಲ್ಲ" ಅಂದ ರಾಜ. ಅವನ ದನಿ ಸಣ್ಣದಾಗಿತ್ತು.

ಹೊಂಬಾಳಮ್ಮ ಮುಂದೆ ಬಂದು ಒಂದು ತೆಳ್ಳನೆಯ ಬಿಲ್ಲೆ ಎತ್ತಿಕೊಟ್ಟಳು. "ಇದೇ ಬುದ್ಧಿ. ಇದನ್ನೂ ನಾನೇ ಉಜ್ಜಿದ್ದು."

"ಉಜ್ಜಿದರೆ ಸವೆಯುತ್ತದೆ ಅಂತ ಒಂದು ಮಾತು ಹೇಳಬಾರದಿತ್ತೇ?"

"ಹೇಳಿದ್ದೆ ಬುದ್ಧಿ, ಮೆಲ್ಲಗೆ ಉಜ್ಜಿಯೂ ನೋಡಿದ್ದೆ. ಹೊಳಪು ಕಮ್ಮಿ ಆಯ್ತು ಅಂತ ಆ ತಿಂಗಳ ಕೂಲಿ ಮುರ್ಕೊಂಡ್ರಿ. ಆಮೇಲೆ ನಾನು ಹೇಳಲಿಲ್ಲ. ಹೇಳಬೇಕಿತ್ತು, ನಂದೂ ತಪ್ಪು."

ಅವಳು ಅತ್ತಳು. ರಾಜನೂ ಅತ್ತ. ಅತ್ತರೆ ಮುಖ ಮೂಡುತ್ತದೆಯೇ? ಇಲ್ಲ.

ಇನ್ನು ಕೊಳ್ಳಬೇಕು. ಕೆರೆ ಕಟ್ಟಿಸಿ ಬೊಕ್ಕಸ ಬರಿದಾಗಿತ್ತು. ಗೋರಿ ಗೋರಿ ತೆಗೆದರೆ ಸಿಕ್ಕಿದ್ದು ಮೂವತ್ತು ವರಹ. ಪೇಟೆಯಲ್ಲಿ ಹಳೆ ನಾಣ್ಯ ಮಾರುವ ಅಂಗಡಿ ಒಂದೇ, ಚಿನಿವಾರ ಸಿರಿಯಣ್ಣನದು. ಸಿರಿಯಣ್ಣನ ಮಾತು ಬೆಣ್ಣೆ, ಲೆಕ್ಕ ಕತ್ತರಿ.

ಮೊದಲನೆಯ ದಿನ ಮಂತ್ರಿ ಹೋದ. ಪಲ್ಲಕ್ಕಿಯಲ್ಲಿ ಹೋದ. ಮಂತ್ರಿಯನ್ನು ಕಂಡ ಕೂಡಲೇ ಸಿರಿಯಣ್ಣ ಬೆಲೆ ಏರಿಸಿದ. "ಒಂದಕ್ಕೆ ಐದು ವರಹ ಸ್ವಾಮಿ. ಹೊಳಪು ನೋಡಿ!" ಮಂತ್ರಿ ಹೊಳಪು ನೋಡಿದ, ಬೇರೇನೂ ನೋಡಲಿಲ್ಲ. ಹದಿನೈದು ವರಹ ಎಣಿಸಿ ಮೂರು ತಂದ. ಅರಮನೆಯಲ್ಲಿ ತೆಗೆದು ನೋಡಿದರೆ ಅವೂ ತಿಕ್ಕಿ ತಿಕ್ಕಿ ಮುಖ ಹೋದವೇ. ಮಂತ್ರಿ ಪೆಚ್ಚು ಮೋರೆ ಹಾಕಿಕೊಂಡ.

ಎರಡನೆಯ ದಿನ ಸೇನಾಪತಿ ಹೋದ. ಕುದುರೆಯ ಮೇಲೆ ಹೋದ. "ಹೊಳಪೂ ಬೇಕು, ಮುಖವೂ ಬೇಕು" ಅಂತ ಗದರಿದ. ಸಿರಿಯಣ್ಣ ಒಳಗೆ ಹೋಗಿ ಥಳಥಳಿಸುವ ಮೂರು ನಾಣ್ಯ ತಂದ. ಮೀಸೆಯ ಕೂದಲು ಎಣಿಸಬಹುದು, ಅಷ್ಟು ಸ್ಪಷ್ಟ. "ನಿಮಗೆ ಅಂತ ನಾಲ್ಕೇ ವರಹ!" ಹನ್ನೆರಡು ವರಹಕ್ಕೆ ಮೂರು ಬಂದವು. ಸೇನಾಪತಿ ಸಭೆಯಲ್ಲಿ ಬೀಗಿದ. ಹೊಂಬಾಳಮ್ಮ ಒಂದನ್ನು ತೆಗೆದುಕೊಂಡು ಕಲ್ಲಿನ ಮೇಲೆ ಬಿಟ್ಟಳು. ಠಣ್ ಅನ್ನಬೇಕಿತ್ತು, ಠಪ್ ಅಂತು.

"ಬೆಳ್ಳಿ ಹಾಡ್ತದೆ ಬುದ್ಧಿ. ಇದು ಕೆಮ್ತಾ ಅದೆ. ಒಳಗೆ ತಾಮ್ರ."

ರಾಜ ಚಿನಿವಾರನನ್ನು ಕರೆಸಿದ. ಸಿರಿಯಣ್ಣ ಕೈ ಮುಗಿದು, "ಮಹಾಪ್ರಭು, ಇದು ನನ್ನ ಅಂಗಡಿಯದೇ ಅನ್ನೋದಕ್ಕೆ ಸಾಕ್ಷಿ ಯಾರು?" ಅಂದ. ಕೊಂಡ ಸೇನಾಪತಿಯ ಮಾತು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಸಾಕ್ಷಿ ಇಲ್ಲದೆ ಯಾರನ್ನೂ ಶಿಕ್ಷಿಸಬಾರದು ಅನ್ನುವುದು ಕಾರೆಗುಡ್ಡದ ಕಟ್ಟಳೆ, ಅದನ್ನು ಮಾಡಿದವನೂ ಬೊಪ್ಪರಾಯನೇ. ಚಿನಿವಾರ ನಗುತ್ತಾ ಹೊರಟುಹೋದ.

ಪದುಮಲೆ ಅಡುಗೆಮನೆಯ ಹಿಂದೆ ಹೊಂಬಾಳಮ್ಮನ ಹೆಗಲಿಗೆ ತಲೆ ಕೊಟ್ಟು ಕೂತಳು. "ಅಮ್ಮಾ, ಇದು ತಪ್ಪಿಹೋದರೆ ನಾನು ಇನ್ನೊಬ್ಬರನ್ನು ಮದುವೆ ಆಗೋದಿಲ್ಲ."

"ಸುಮ್ನಿರವ್ವಾ, ಮೂರು ವರಹ ಉಳಿದದೆ" ಅಂದಳು ಹೊಂಬಾಳಮ್ಮ. ಎದ್ದು ರಾಜನ ಹತ್ತಿರ ಹೋಗಿ ಆ ಮೂರು ವರಹ ಕೇಳಿದಳು. ಮಂತ್ರಿ ಮೂಗು ಮುರಿದ. ಸೇನಾಪತಿ ಕಿಸಕ್ಕನೆ ನಕ್ಕ. ರಾಜ ಕೊಟ್ಟ.

ಮೂರನೆಯ ದಿನ ಹೊಂಬಾಳಮ್ಮ ಹೋದಳು. ನಡೆದುಕೊಂಡೇ ಹೋದಳು. ಸೆರಗಿನ ಒಂದು ತುದಿಯಲ್ಲಿ ವರಹ, ಇನ್ನೊಂದು ತುದಿಯಲ್ಲಿ ಹಿಡಿ ಇಟ್ಟಿಗೆಪುಡಿ. ಹರಕು ಸೀರೆಯ ಮುದುಕಿಯನ್ನು ಸಿರಿಯಣ್ಣ ಕಣ್ಣೆತ್ತಿಯೂ ನೋಡಲಿಲ್ಲ.

"ಅಯ್ಯಾ, ಮುಖ ಇರೋ ಈ ಹೊಳೆಯೋವು ಎಷ್ಟು?"

"ಐದು ವರಹ."

ಹೊಂಬಾಳಮ್ಮ ಕಿವಿಗೆ ಕೈ ಹಚ್ಚಿದಳು. "ಕಿವಿ ಮಂದ ಸ್ವಾಮಿ. ಗಟ್ಟಿಯಾಗಿ ಹೇಳಿ."

"ಐದು ವರಹ!" ಅಂತ ಸಿರಿಯಣ್ಣ ಕೂಗಿದ. ಎದುರಿನ ಹೂವಿನವಳು ತಿರುಗಿ ನೋಡಿದಳು.

"ಎಲ್ಲಾ ಬೆಳ್ಳೀನೇ?"

"ಚೊಕ್ಕ ಬೆಳ್ಳಿ!" ಅಂತ ಇನ್ನೂ ಗಟ್ಟಿಯಾಗಿ ಕೂಗಿದ. ಪಕ್ಕದ ಗಾಣಿಗ ಎದ್ದು ಬಂದ.

"ಮೂಲೆಯಲ್ಲಿ ಆ ಕರ್ರಗಿರೋ ರಾಶಿ?"

"ಅದು ಇನ್ನೂ ಉಜ್ಜದ ಕಸ ಕಣಮ್ಮಾ! ಯಾವುದನ್ನ ತಗೊಂಡ್ರೂ ಒಂದು ವರಹ!" ಅಂತ ಗಂಟಲು ಹರಿಯುವಂತೆ ಕೂಗಿದ. ಪೇಟೆ ಕಾಯುವ ತಳವಾರನೂ ಬಂದು ನಿಂತ.

ಹೊಂಬಾಳಮ್ಮ ಕರ್ರಗಿನ ರಾಶಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಅವಸರ ಮಾಡಲಿಲ್ಲ. ಒಂದೊಂದನ್ನೂ ಅಂಚಿನಲ್ಲಿ ಹಿಡಿದು ಎಳೆಬಿಸಿಲಿಗೆ ಓರೆಯಾಗಿ ತಿರುಗಿಸಿದಳು. ನೇರ ಬಿಸಿಲಲ್ಲಿ ಬಣ್ಣ ಮಾತ್ರ ಕಾಣುತ್ತದೆ, ಓರೆ ಬಿಸಿಲಲ್ಲಿ ಮೂಗು, ತುಟಿ, ಹುಬ್ಬು ಎದ್ದು ನಿಲ್ಲುತ್ತವೆ. ಮುಖ ಎದ್ದದ್ದನ್ನು ಕಲ್ಲಿನ ಮೇಲೆ ಮೆಲ್ಲಗೆ ಬಿಟ್ಟು ದನಿ ಕೇಳಿದಳು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಅವಳ ಮಡಿಲಲ್ಲಿ ರಾಜನ ಅಪ್ಪ ಇದ್ದ, ಅಜ್ಜ ಇದ್ದ.

ಮುತ್ತಜ್ಜನ ನಾಣ್ಯ ಎರಡು ಸಿಕ್ಕವು. ಒಂದು ಚಂದ್ರನಷ್ಟು ದುಂಡಗೆ, ಆದರೆ ಮುಖ ಮಸುಕು. ಇನ್ನೊಂದರ ಅಂಚು ಚೂರು ಮುಕ್ಕಾಗಿದೆ, ಮುಖ ಮಾತ್ರ ನಿನ್ನೆ ಅಚ್ಚು ಒತ್ತಿದ ಹಾಗಿದೆ. ಎರಡನ್ನೂ ಕೊಳ್ಳಲು ದುಡ್ಡಿಲ್ಲ. ಅವಳು ತುಂಬ ಹೊತ್ತು ಯೋಚಿಸಿದಳು. "ಅಂಚು ಹೋದ್ರೆ ಹೋಗ್ಲಿ, ಮುಖ ಹೋಗಬಾರ್ದು" ಅಂದುಕೊಂಡು ಮುಕ್ಕಾದದ್ದನ್ನೇ ತೆಗೆದುಕೊಂಡಳು. ರಾಜನ ಅಮ್ಮನದೂ ಸಿಗಬಹುದೇನೋ ಅಂತ ರಾಶಿಯ ಅಡಿ ಮುಟ್ಟುವವರೆಗೂ ಹುಡುಕಿದಳು. ಸಿಗಲಿಲ್ಲ.

ಆ ಮೂರನ್ನು ನೋಡಿ ಸಿರಿಯಣ್ಣ ಕೂತಲ್ಲಿಂದ ಎದ್ದು ಬಂದ. "ತಡಿ ತಡಿ, ಅವು ಬೇರೆ. ಅವಕ್ಕೆ ಹತ್ತು ಹತ್ತು ವರಹ!"

"ಒಂದು ವರಹ ಅಂದ್ರಲ್ಲ?"

"ನಿನಗೆ ಕಿವಿ ಕೇಳಿಸೋದಿಲ್ಲ, ತಪ್ಪು ಕೇಳಿಸ್ಕೊಂಡೆ."

"ನಮಗೆ ಚೆನ್ನಾಗೇ ಕೇಳ್ತದೆ" ಅಂದಳು ಹೂವಿನವಳು. "ನನಗೂ" ಅಂದ ಗಾಣಿಗ. ತಳವಾರ ಸುಮ್ಮನೆ ದೊಣ್ಣೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಸಿರಿಯಣ್ಣ ಹಲ್ಲು ಕಚ್ಚಿಕೊಂಡು ಮೂರು ವರಹ ತೆಗೆದುಕೊಂಡ.

ಹೊಂಬಾಳಮ್ಮ ಏಳಲಿಲ್ಲ. "ಸ್ವಾಮಿ, ನಾನು ಪಾತ್ರೆ ಬೆಳಗೋಳು, ಕೈ ಸುಮ್ನಿರಲ್ಲ. ನಿಮ್ಮ ಹೊಳೆಯೋ ನಾಣ್ಯ ಒಂದನ್ನ ಇನ್ನೂ ಚೂರು ಬೆಳಗಿಕೊಡ್ತೀನಿ. ಕೂಲಿ ಬೇಡ."

"ಬೇಡ! ಮುಟ್ಟಬೇಡ!"

"ಯಾಕ್ರೀ?" ಅಂದ ತಳವಾರ. "ಚೊಕ್ಕ ಬೆಳ್ಳಿ ಅಂತ ಊರಿಗೆಲ್ಲ ಕೇಳೋ ಹಾಗೆ ಕೂಗಿದ್ರಿ. ಬೆಳಗಲಿ ಬಿಡಿ."

ಹೊಂಬಾಳಮ್ಮ ಸೆರಗು ಬಿಚ್ಚಿದಳು. ಇಟ್ಟಿಗೆಪುಡಿ ಹಾಕಿ ಒಂದು ಸಲ ಉಜ್ಜಿದಳು. ಎರಡು ಸಲ ಉಜ್ಜಿದಳು. ಮೂರನೇ ಸಲ ಉಜ್ಜುವಾಗ ನಾಣ್ಯದ ಮೇಲಿನ ರಾಜನ ಕೆನ್ನೆಯಲ್ಲಿ ಕೆಂಪಗೆ ತಾಮ್ರ ಇಣುಕಿತು. ಬೇಕಾಗಿದ್ದ ಸಾಕ್ಷಿ ಪೇಟೆ ತುಂಬ ನಿಂತಿತ್ತು. ತಳವಾರ ಸಿರಿಯಣ್ಣನ ರಟ್ಟೆ ಹಿಡಿದ.

ನಾಲ್ಕನೆಯ ದಿನ ಬೆಳಗಾಯಿತು. ಅಜ್ಜಿರಾಣಿಯ ಮೇನೆ ಊರಬಾಗಿಲಿಗೆ ಬಂತೆಂದು ಕಹಳೆ ಕೂಗಿತು. ರಾಜ ಸರವನ್ನು ಕೈಯಲ್ಲಿ ಹಿಡಿದು ನೋಡಿದ. ಕಪ್ಪು, ಕಪ್ಪು, ಕಪ್ಪು.

"ಹೊಂಬಾಳಮ್ಮಾ, ಒಂದೇ ಒಂದು ಸಲ ಉಜ್ಜಿಬಿಡು. ಮೆಲ್ಲಗೆ."

"ಇಲ್ಲ ಬುದ್ಧಿ."

"ಮಸಿ ಹಿಡಿದ ನಾಣ್ಯ ಕೊಟ್ಟರೆ ಬೀಗರು ನಮ್ಮನ್ನು ಏನಂದುಕೊಂಡಾರು? ಇದು ರಾಜಾಜ್ಞೆ."

ಮಕ್ಕಳೇ, ಇಪ್ಪತ್ತು ವರ್ಷ ಆ ಹೆಂಗಸು ಇಲ್ಲ ಅಂದವಳಲ್ಲ. ಆದರೂ ಅಂದಳು, "ಒಂದು ಸಲ ಹೆದರಿ ಸುಮ್ನಾದೆ ಬುದ್ಧಿ, ನಿಮ್ಮ ತಾಯೋರ ಮುಖ ಹೋಯ್ತು. ಈಗ ನನ್ನ ಕೈ ಕಡಿಸಿದ್ರೂ ಸರಿ, ಉಜ್ಜಲ್ಲ."

ರಾಜ ಅವಳ ಸವೆದ ಬೆರಳುಗಳನ್ನು ನೋಡಿದ. ಸರವನ್ನು ಹಾಗೇ ತಟ್ಟೆಯಲ್ಲಿಟ್ಟ.

ಅಜ್ಜಿರಾಣಿ ಬಂದಳು. ಎಂಬತ್ತು ದಾಟಿದ ಮುದುಕಿ, ಕಣ್ಣು ಮಾತ್ರ ಹದ್ದಿನ ಕಣ್ಣು. ತಟ್ಟೆಯಲ್ಲಿದ್ದ ಕಪ್ಪು ಸರ ಕಂಡು ಅವಳ ಕಡೆಯ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಅಜ್ಜಿ ಸರ ಎತ್ತಿಕೊಂಡಳು. ಪದುಮಲೆಯನ್ನು ಕಿಟಕಿಯ ಹತ್ತಿರ ಕರೆದು ಕೂರಿಸಿದಳು. ಮೊದಲ ನಾಣ್ಯವನ್ನು ಹುಡುಗಿಯ ಕೆನ್ನೆಯ ಪಕ್ಕ ಹಿಡಿದಳು, ಎರಡನೆಯದನ್ನು ಹಿಡಿದಳು, ಮುಕ್ಕಾದ ಮೂರನೆಯದನ್ನೂ ಹಿಡಿದಳು. ಪದುಮಲೆಯ ಕಣ್ಣಿಂದ ನೀರು ಇಳಿಯುತ್ತಿತ್ತು.

"ಅಳಬೇಡ ಮಗಾ, ಮೂಗು ಕೆಂಪಾಗ್ತದೆ" ಅಂದಳು ಅಜ್ಜಿ. "ಆ ಮೂಗೇ ನನಗೆ ಬೇಕಾದ್ದು. ನೋಡ್ರೇ ಎಲ್ಲರೂ! ಇವಳಜ್ಜಂದೂ ಇದೇ ಗಿಣಿಮೂಗು, ಅವರಪ್ಪಂದೂ ಇದೇ, ಅವರಜ್ಜಂದೂ ಇದೇ. ಎಷ್ಟು ಮನೆ ನೋಡಿದೆ, ಎಲ್ಲರೂ ಥಳಥಳ ಅನ್ನೋ ಬಿಲ್ಲೆ ತಂದಿಟ್ರು, ಒಂದರಲ್ಲೂ ಮನುಷ್ಯರಿರಲಿಲ್ಲ. ಬೊಪ್ಪರಾಯಾ, ಇದನ್ನ ಉಜ್ಜದೆ ಉಳಿಸೋ ಬುದ್ಧಿ ನಿನಗೆಲ್ಲಿಂದ ಬಂತಪ್ಪ?"

ರಾಜ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನನಗೆಲ್ಲಿಯ ಬುದ್ಧಿ ತಾಯಿ, ನಾನು ಉಜ್ಜು ಅಂದೆ. ಇವಳು ಉಜ್ಜಲ್ಲ ಅಂದಳು" ಅಂತ ಬಾಗಿಲ ಮರೆಯಲ್ಲಿ ನಿಂತಿದ್ದ ಹೊಂಬಾಳಮ್ಮನನ್ನು ಕೈ ಹಿಡಿದು ಎಲ್ಲರ ಮುಂದೆ ಕರೆತಂದ.

ಮದುವೆ ಆಯಿತು. ಹೆಣ್ಣಿಗೆ ತಾಯಿ ಇರಲಿಲ್ಲ, ಧಾರೆಯ ಹೊತ್ತಿಗೆ ಆ ಜಾಗದಲ್ಲಿ ಹೊಂಬಾಳಮ್ಮ ನಿಂತಳು. ಸಿರಿಯಣ್ಣ ತೆಗೆದುಕೊಂಡಿದ್ದ ವರಹಗಳನ್ನೆಲ್ಲ ಕಕ್ಕಿದ. ಮೇಲೆ ಒಂದು ವರ್ಷ ಅರಮನೆಯ ಪಾತ್ರೆ ಬೆಳಗುವ ಶಿಕ್ಷೆ. ಪಾಯಸದ ಹಂಡೆ ತಳ ಹಿಡಿದ ದಿನವಂತೂ ಅವನ ಪಾಡು ನೋಡಲಾಗುತ್ತಿರಲಿಲ್ಲವಂತೆ.

ಇಷ್ಟೇ ಕಣ್ರಪ್ಪಾ ಹೇಳುವುದಕ್ಕಿದ್ದದ್ದು. ದುಡ್ಡು ಹೆಚ್ಚಿದ್ದವರು ಅವಸರದಲ್ಲಿ ಕೊಂಡರು, ಮೋಸಹೋದರು. ಕಡಿಮೆ ಇದ್ದವಳು ನಿಧಾನವಾಗಿ ಕೂತು ಆರಿಸಿದಳು, ಗೆದ್ದಳು. ನಾಣ್ಯವೇ ಆಗಲಿ ಮನುಷ್ಯರೇ ಆಗಲಿ, ಹೊಳಪು ನೋಡಿ ಬೆಲೆ ಕಟ್ಟಬೇಡಿ, ಒಳಗೆ ಏನು ಉಳಿದಿದೆ ಅಂತ ನೋಡಿ ಕಟ್ಟಿ. ನಿಮ್ಮ ಹತ್ತಿರ ಈಗಾಗಲೇ ಇರುವುದನ್ನು ಅಂದ ಮಾಡಲು ಹೋಗಿ ಅಳಿಸಿಹಾಕಬೇಡಿ. ಹಾಗೆ ಅಳಿಸಿಹೋದದ್ದು ಮೂರು ವರಹಕ್ಕೂ ಸಿಗುವುದಿಲ್ಲ, ಮೂರು ಲಕ್ಷ ವರಹಕ್ಕೂ ಸಿಗುವುದಿಲ್ಲ.