ಇಂಜಿನ್ ತಳದ ಮಡ್ಡಿ

ಹಳೆಯ ಬೈಕಿನ ಇಂಜಿನ್ ಬಿಚ್ಚಿದ ಮೆಕ್ಯಾನಿಕ್ ನಜೀರಣ್ಣ, ಅದರ ತಳಕ್ಕೆ ಸೀಮೆಎಣ್ಣೆ ಸುರಿದ. ಅಲ್ಲಿ ಗಟ್ಟಿಯಾಗಿ ಕೂತಿದ್ದ ಕರಿ ಮಡ್ಡಿ ಸಿಡುಕಿತು: “ಮುಟ್ಟಬೇಡ! ಯಜಮಾನ ಗುರುಸಿದ್ದಪ್ಪ ಹಳೇ ಆಯಿಲ್ ಚೆಲ್ಲಲು ಮನಸ್ಸಾಗದೆ ಅದರ ಮೇಲೇ ಹೊಸದನ್ನು ಸುರಿಯುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋದ ದಿನದ ಆಯಿಲೂ ನನ್ನಲ್ಲಿದೆ. ನಾನು ಹೋದರೆ ಆ ದಿನವೂ ಹೋದಂತೆ.”

“ಆಯಿಲ್ ಹರಿಯುವ ತೂತಿಗೇ ಅಡ್ಡ ಕೂತಿದ್ದೀಯಲ್ಲ ಮಾರಾಯ, ಏಳು,” ಎಂದಿತು ಸೀಮೆಎಣ್ಣೆ.

ಮಡ್ಡಿ ಕರಗಿ ತಟ್ಟೆಗಿಳಿಯಿತು. ನಜೀರಣ್ಣ ಇಂಜಿನ್ ಜೋಡಿಸಿ, ಹೊಸ ಆಯಿಲ್ ಹಾಕಿ ಕಿಕ್ ಹೊಡೆದ. ಸದ್ದು ಕೇಳಿದ್ದೇ ತಡ, ಅಂಗಡಿ ಬಾಗಿಲಲ್ಲಿ ಗುರುಸಿದ್ದಪ್ಪನ ಜೊತೆ ಕಾಯುತ್ತಿದ್ದ ಅವನ ಹೆಂಡತಿ ನೀಲಮ್ಮ ನರೆತ ಕೂದಲು ನೇವರಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹೊರಡೋಣ್ವೇನ್ರೀ?” ಎಂದಳು.

ತಟ್ಟೆಯಲ್ಲಿದ್ದ ಮಡ್ಡಿ ಮೆಲ್ಲಗೆ ಹೇಳಿತು: “ಇದೇ, ಆ ದಿನದ ಸದ್ದು ಇದೇ. ಇಷ್ಟು ವರ್ಷ ಇದರ ಬಾಯಿ ಮುಚ್ಚಿಸಿದ್ದು ನಾನೇ.”