ಗೂಬಿ ಮಂದಿಗೆ ಉಡಿ ತುಂಬಿಸಿದ್ದು

ಇದು ಖರೇನ ನಡದದ್ದು, ಸುಳ್ಳಾದ್ರ ನನ್ನ ಮೀಸಿ ಬೋಳಸ್ರಿ. ಮೊಮ್ಮಗ ಮಲ್ಲು ದಾಳ ಉರುಳಿಸಿ ಕತಿ ಕಟ್ಟೋ ಆಟ ಹೂಡಿದ್ದ. ಅವನು ದಳಪತಿ, ನಾನು ಅವನ ಆಳು. ಮೊಮ್ಮಗಳು ನೀಲಾ ಊರಾಗಿನ ಗೂಬಿ ಮಂದಿಯ, ಅಂದ್ರ ಗೂಬಿ ರೂಪದ ಹೆಣ್ಮಕ್ಕಳ, ಹಿರೇತಿ.

"ಗೂಬಿಗಳು ಅಪಶಕುನ! ಊರು ಬಿಟ್ಟು ಓಡಸೋ!" ಅಂದ ದಳಪತಿ. ನೀಲಾನ ಕಣ್ಣಾಗ ನೀರು.

"ಆಗ್ಲಿ ಧಣಿ. ಆದ್ರ ಹೆಣ್ಮಕ್ಕಳನ್ನ ಬರಿಗೈಲೆ ಕಳಸಿದ್ರ ನಿಮ್ಮಂಥ ಮನೆತನಕ್ಕ ಶೋಭಾ ಅಲ್ಲ. ಅಕ್ಕಿ, ಕೊಬ್ಬರಿ, ಕುಬಸದ ಬಟ್ಟಿ ಇಟ್ಟು ಉಡಿ ತುಂಬಿಸ್ರಿ," ಅಂದೆ.

ದಳಪತಿ ಹಿಗ್ಗಿ ಆಟದಾಗ ಎಲ್ಲಾರಿಗೂ ಉಡಿ ತುಂಬಿಸಿದ.

"ಈಗ ಅವರು ನಿಮ್ಮ ಮನಿ ಮಕ್ಕಳಾದ್ರು, ಧಣಿ. ತಂಗೇರನ್ನ ತವರಿಂದ ಓಡಸ್ತೀರೇನು?"

ಮಲ್ಲು ದಾಳ ಒಗದ. "ಮುದುಕಾ, ಆಟ ಕೆಡಿಸಿದಿ! ಇರ್ಲಿ, ಊರಾಗ ಇರ್ಲಿ."

ನೀಲಾ ಕಣ್ಣು ಒರಸ್ಕೊಂಡು ನಕ್ಕಳು. "ಅಜ್ಜಾ, ನಾನೂ ಮನಿ ಮಗಳಲ್ಲೇನು? ನನ್ನ ಖರೇ ಉಡಿ ಎಲ್ಲಿ?"

ಅಕ್ಕಿ ಮನ್ಯಾಗಿತ್ತು. ಕೊಬ್ಬರಿ, ಕುಬಸಕ್ಕ ನಾ ಕಳಕೊಂಡದ್ದು ನೂರಾ ಹದಿನೆಂಟು ರೂಪಾಯಿ.